ಮುಂಗಾಲು ಮೊದಲು

ನಾನು ಡಾಕ್ಟರ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಳಕಲ್ಲಿನಲ್ಲಿ ಇದ್ದಷ್ಟು ವರ್ಷವೂ ಜನ ನನ್ನನ್ನು ಡಾಕ್ಟರ್ ಎಂದೇ ಕರೆದರು, ನಾನೂ ಬೇಡ ಅನ್ನಲಿಲ್ಲ. ದನದ ದವಾಖಾನೆಯಲ್ಲಿ ನನ್ನ ಹುದ್ದೆಯ ಹೆಸರು ಸ್ಟಾಕ್‌ಮನ್. ಎತ್ತಿನ ಹೆಗಲ ಹುಣ್ಣಿಗೆ ಮುಲಾಮು ಹಚ್ಚುವುದು, ಆಡಿನ ಗೊರಸು ಕತ್ತರಿಸುವುದು, ಗಂಟಲುಬೇನೆಗೆ ಸೂಜಿ ಹಾಕುವುದು, ಇಷ್ಟು ನನ್ನ ಕೆಲಸ. ನಿಜವಾದ ಡಾಕ್ಟರು ಹುನಗುಂದದಲ್ಲಿದ್ದರು. ಸೋಮವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು, ವಾರವಿಡೀ ನಾನು ಮಾಡಿಟ್ಟದ್ದನ್ನು ನೋಡಿ, ಬೈಯುವುದಿದ್ದರೆ ಬೈದು ಹೋಗುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ದೀಪಾವಳಿ ಕಳೆದು ಹದಿನೈದು ದಿನವಾಗಿರಬೇಕು. ಅಂದು ಸೋಮವಾರ. ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದ ಕರುವನ್ನು ಹೊರಗೆಳೆಯಲು ಡಾಕ್ಟರು ಮೊಣಕೈ ದಾಟಿ ಕೈಹಾಕಿ ನಿಂತಿದ್ದರು. ಆಗ ಐವತ್ತು ದಾಟಿದ ಒಬ್ಬರು ಬಂದರು. ಬಿಳಿ ಟೊಪ್ಪಿಗೆ, ಒಗೆದ ಧೋತರ, ಸೀರೆ ನೇಯುವ ಮನೆತನದ ಹಿರಿಯರು.

"ನಮ್ಮ ತಮ್ಮನ ಮನ್ಯಾಗ ಒಂದು ನಾಯಿ ಐತ್ರಿ. ಭಾಳ ವಯಸ್ಸಾಗೈತಿ. ನಾಕು ದಿನ ಆತು, ಬಿದ್ದದ್ದು ಎದ್ದಿಲ್ಲ. ಸೂಜಿ ಹಾಕಿ ಮಲಗಿಸಿಬಿಡ್ರಿ. ಅದು ನರಳೂದು ನೋಡಾಕ ಆಗವಲ್ದು."

ಡಾಕ್ಟರು ತಿರುಗಿಯೂ ನೋಡದೆ ನನಗೆ ಹೇಳಿದರು: "ನೀ ಹೋಗಿ ನೋಡಿ ಬಾ. ಹಿಂಗಾಲಾಗ ಜೀವ ಇಲ್ಲಂದ್ರ ಬಸ್ ಹತ್ತೂದಕ್ಕಿಂತ ಮೊದಲ ನಾ ಬಂದು ಹೋಗ್ತೇನಿ."

ನಾನು ಸೈಕಲ್ ತೆಗೆದೆ. ಹಿರಿಯರೂ ತಮ್ಮ ಸೈಕಲ್ ಹತ್ತಿದರು. ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ ಎಂದು ದಾರಿಯಲ್ಲೇ ಹೇಳಿದರು. "ಅವನ ಕೈಯಾಗಿನ ನೇಯ್ಗಿ ಮಾತ್ರ ಊರಾಗ ಯಾರಿಗೂ ಬರಂಗಿಲ್ಲ," ಎಂದೂ ಸೇರಿಸಿದರು.

ಮನೆ ಚಿಕ್ಕದು. ಒಳಗೆ ಹೋದರೆ ಕುಣಿ ಮಗ್ಗ. ನೇಕಾರ ಕುಣಿಯೊಳಗೆ ಕಾಲು ಇಳಿಬಿಟ್ಟು ನೆಲದ ಮಟ್ಟಕ್ಕೆ ಕೂತು ನೇಯುತ್ತಾನೆ. ಬಾಗಿಲು ಅವನ ಬೆನ್ನಿಗೆ. ಆದರೆ ಅಂದು ಮಗ್ಗ ಸುಮ್ಮನಿತ್ತು. ಅರ್ಧ ನೇಯ್ದ ಸೀರೆಯ ಮೇಲೆ ಬಟ್ಟೆ ಹೊದಿಸಿದ್ದರು. ನೇಕಾರ ಗೋಡೆಗೆ ಒರಗಿ ಕೂತಿದ್ದ, ನಾಯಿಯ ತಲೆ ಅವನ ತೊಡೆಯ ಮೇಲಿತ್ತು. ನನ್ನ ಕೈಚೀಲ ಕಂಡವನೇ ನಾಯಿಯನ್ನು ಎರಡೂ ಕೈಯಿಂದ ತಬ್ಬಿಕೊಂಡ. ನಾನು ಯಾಕೆ ಬಂದಿದ್ದೇನೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮರೋಳದ ಕಡೆಯ ಕುರಿಹಟ್ಟಿಯಿಂದ ಮರಿಯಾಗಿ ಬಂದ ನಾಯಿಯಂತೆ. ಮೈ ತುಂಬ, ಕಾಲ ತುಂಬ ಕೂದಲು. ಹದಿನಾಲ್ಕು ವರ್ಷ. ಮೋತಿ ಎಂಬ ಹೆಸರಿಟ್ಟವಳು ನೇಕಾರನ ಹೆಂಡತಿ. ಅವನು ಮಾತ್ರ ಅಂಗೈಯಿಂದ ನೆಲ ಬಡಿದು ಅದನ್ನು ಕರೆಯುತ್ತಿದ್ದ.

ನಾನು ಹಿಂಗಾಲಿನ ಬೆರಳ ನಡುವೆ ಗಟ್ಟಿಯಾಗಿ ಚಿವುಟಿದೆ. ನಾಯಿ ಗುರ್ ಎಂದು ಕಾಲೆಳೆದುಕೊಂಡಿತು. ಇನ್ನೊಂದು ಕಾಲೂ ಹಾಗೆಯೇ. ಸೊಂಟದ ಕೀಲು ಬಿಗಿದಿತ್ತು, ತೊಡೆಯ ಮಾಂಸ ಕರಗಿತ್ತು, ಆದರೆ ನರ ಸತ್ತಿರಲಿಲ್ಲ.

"ಕಾಲಾಗ ಜೀವ ಐತ್ರಿ," ಎಂದೆ.

"ಜೀವ ಇದ್ದದ್ದಕ್ಕನ ನರಳಾಕತ್ತೈತಲ್ರಿ," ಎಂದರು ಅಣ್ಣ. ಅವರ ಮಾತೂ ಸುಳ್ಳಲ್ಲ.

ಹೊರಗೆ ಬರುವಾಗ ನೇಕಾರನ ಹೆಂಡತಿ ನನ್ನ ಹಿಂದೆಯೇ ಬಂದಳು. ದನಿ ತಗ್ಗಿಸಿ ಹೇಳಿದಳು: "ಡಾಕ್ಟರ್ರ, ನಾಯಿ ಬಿದ್ದ ದಿನದಿಂದ ಇವ್ರು ಮಗ್ಗಕ್ಕ ಕೂತಿಲ್ರಿ. ಮನ್ಯಾಗ ಯಾರ ಕಾಲಿಟ್ರೂ ಮೋತಿ ಎದ್ದು ಹೋಗಿ ಇವ್ರ ಹೆಗಲ ಮ್ಯಾಲ ಗದ್ದ ಇಡತಿತ್ತು. ಅಂದ್ರ ಯಾರೋ ಬಂದಾರ ಅಂತ. ಈಗ ಬೆನ್ನ ಹಿಂದ ಯಾರ ಬಂದ್ರೂ ತಿಳ್ಯಾಂಗಿಲ್ಲ. ಅದು ಬಿದ್ದ ದಿನಾನ ನಾ ನೀರು ತಂದು ಹಿಂದ ನಿಂತ್ರ ಬೆಚ್ಚಿಬಿದ್ದು ಲಾಳಿ ಒಗೆದಬಿಟ್ರು. ಆಮ್ಯಾಲ ಮಗ್ಗದಾಗ ಇಳದ ಇಲ್ಲ."

ಕಿವಿಯಿಲ್ಲದ ಮನುಷ್ಯ ಜಗತ್ತಿಗೆ ಬೆನ್ನು ತೋರಿಸಿ ಹದಿನಾಲ್ಕು ವರ್ಷ ನೆಮ್ಮದಿಯಿಂದ ನೇಯ್ದದ್ದು ಒಂದು ನಾಯಿಯ ಗದ್ದವನ್ನು ನಂಬಿ! ಸೈಕಲ್ ತುಳಿಯುತ್ತ ಅದನ್ನೇ ನೆನೆದೆ. ದವಾಖಾನೆ ಮುಟ್ಟುವ ಹೊತ್ತಿಗೆ ನಿರ್ಧಾರ ಆಗಿಹೋಗಿತ್ತು. ಡಾಕ್ಟರ ಮುಂದೆ ನಿಂತು ಎಂಟು ದಿನ ಕೊಡಿ ಎಂದು ಕೇಳಿದೆ.

ಅವರು ಕೈ ತೊಳೆಯುತ್ತ ನನ್ನನ್ನೇ ನೋಡಿದರು. "ನಾಯಿ ಕೆಲಸ ನಿನಗೆ ಬರ್ತದೇನು?"

"ಬರ್ತದ್ರಿ," ಎಂದೆ. ನನ್ನ ನಾಲಿಗೆಗೆ ಎಲುಬಿಲ್ಲ.

"ಆತು. ಮುಂದಿನ ಸೋಮವಾರ ಅದು ತಾನ ತಾನಾಗಿ ಏಳಬೇಕು. ಇಲ್ಲಂದ್ರ ಆ ಹಿರಿಯರು ಹೇಳಿದ್ದ ಖರೆ. ಮುದಿ ಪ್ರಾಣೀನ ನಮ್ಮ ಹಟಕ್ಕ ಸತಾಯಿಸಬಾರದು."

ಮರುದಿನ ಬೆಳಿಗ್ಗೆ ದವಾಖಾನೆಗೆ ಮುಂಚೆ ಆ ಮನೆಗೆ ಹೋದೆ. ಮೊದಲು ಕಣ್ಣಿಗೆ ಬಿದ್ದದ್ದು ನೆಲ. ಹಬ್ಬಕ್ಕೆ ಮುಂಚೆ ಸಾರಿಸಿದ ಮಣ್ಣಿನ ನೆಲ ಕಿತ್ತು ಹೊಸ ಫರಸಿ ಕಲ್ಲು ಹಾಸಿದ್ದರು. ಕನ್ನಡಿಯಂಥ ಕಲ್ಲು, ನಾನೇ ಜಾರಿ ಗೋಡೆ ಹಿಡಿದೆ. ಸೊಂಟದ ಕಸುವಿಲ್ಲದ ನಾಯಿ ಇದರ ಮೇಲೆ ಹೇಗೆ ಕಾಲೂರೀತು?

"ಮೊದಲ ತಪ್ಪು ಈ ನೆಲದ್ದ್ರಿ," ಎಂದೆ. ನೂಲು ಕೊಡಲು ಬಂದಿದ್ದ ಅಣ್ಣ ಹೊಸಲಲ್ಲೇ ನಿಂತು ನಕ್ಕರು.

"ಕುಣ್ಯಾಕ ಬರದಾಕಿ ನೆಲ ಡೊಂಕ ಅಂದ್ಲಂತ!"

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಹಾಸಲು ದಪ್ಪಗಿನದು ಏನಾದರೂ ತರಲು ಹೇಳಿದೆ. ಹೆಂಡತಿ ಎರಡು ಹಳೆಯ ಕಂಬಳಿ ತಂದಳು. ನಾಯಿ ಮಲಗುವ ಜಾಗದಿಂದ ಮಗ್ಗದ ಕುಣಿಯವರೆಗೆ ದಾರಿಯಂತೆ ಹಾಸಿ, ಅಂಚಿಗೆ ಕಲ್ಲು ಹೇರಿದೆವು. ಹುರಿದ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಶಾಖ ಕೊಡುವುದು, ಬಿಸಿ ಎಳ್ಳೆಣ್ಣೆಯಿಂದ ತೊಡೆ ತಿಕ್ಕುವುದು, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು ತೋರಿಸಿಕೊಟ್ಟೆ. ನೇಕಾರ ಒಮ್ಮೆ ನೋಡಿದರೆ ಸಾಕು. ಉಪ್ಪಿನ ಗಂಟನ್ನು ಮೊದಲು ತನ್ನ ಕೆನ್ನೆಗೆ ಒತ್ತಿ ಬಿಸಿ ನೋಡಿ ಆಮೇಲೆ ನಾಯಿಗೆ ಇಡುತ್ತಿದ್ದ. ನಾಯಿ ಮಾತ್ರ ಮನೆಯೊಳಗೆ ಒಂದಕ್ಕೆ ಮಾಡುವುದಿಲ್ಲವೆಂದು ಹಟ ಹಿಡಿದಿತ್ತು. ಗಂಡ ಹೆಂಡತಿ ಅದನ್ನು ಕೌದಿಯಲ್ಲಿ ಎತ್ತಿ ದಿನಕ್ಕೆ ಮೂರು ಸಲ ಹಿತ್ತಲಿಗೆ ಒಯ್ಯುತ್ತಿದ್ದರು.

ಬುಧವಾರ ಎಬ್ಬಿಸಲು ಕೈಹಚ್ಚಿದೆ. ಇಲ್ಲಿ ನನ್ನ ಹುಟ್ಟಿನ ಬಗ್ಗೆ ಒಂದು ಮಾತು ಹೇಳಬೇಕು. ಬಾದಾಮಿ ಕಡೆಯ ಒಕ್ಕಲುತನದ ಮನೆ ನಮ್ಮದು. ಬಿದ್ದ ಎತ್ತನ್ನು ಎಬ್ಬಿಸುವುದು ನಮ್ಮಪ್ಪ ಕಲಿಸಿದ ಮೊದಲ ವಿದ್ಯೆ. ಬಾಲದ ಬುಡ ಹಿಡಿ, ಚಪ್ಪೆಗೆ ಹೆಗಲು ಕೊಡು, ಹಿಂದನ್ನು ಎತ್ತು. ಮುಂದಿನದು ತಾನೇ ಏಳುತ್ತದೆ. ನೂರಾರು ದನ ಎಬ್ಬಿಸಿದ ಕೈ ಇದು. ಅದೇ ಪ್ರಕಾರ ಮೋತಿಯ ಹೊಟ್ಟೆಯಡಿ ಕೌದಿಯ ಪಟ್ಟಿ ಹಾಕಿ, ಸೊಂಟದ ಹತ್ತಿರ ಹಿಡಿದು, ಹಿಂದನ್ನು ಎತ್ತಿದೆ.

ನಾಯಿ ಮೂತಿ ಮುಂದಾಗಿ ಕಂಬಳಿಗೆ ಅಪ್ಪಳಿಸಿತು. ಕುಂಯ್ ಎಂದಿತು. ಇನ್ನೊಮ್ಮೆ ಎತ್ತಿದೆ, ಇನ್ನೊಮ್ಮೆ ಮೂತಿಯ ಮೇಲೆ ಬಿತ್ತು. ಮೂರನೆಯ ಸಲ ಹೊರಳಿ ನನ್ನ ಮಣಿಕಟ್ಟು ಕಚ್ಚಿತು. ಪುಣ್ಯ, ಹಲ್ಲು ಸವೆದಿದ್ದವು, ಚರ್ಮ ಹರಿಯಲಿಲ್ಲ. ಹರಿದಿದ್ದರೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಿಕೊಳ್ಳುವ ಕಾಲ ಅದು.

ನೇಕಾರ ನನ್ನ ಕೈಯನ್ನು ನಾಯಿಯ ಹಿಂಭಾಗದಿಂದ ಕಿತ್ತು ಪಕ್ಕಕ್ಕೆ ಸರಿಸಿದ. ಇವನಿಗೆ ಸಿಟ್ಟು ಬಂದಿದೆ, ತನ್ನ ನಾಯಿ ಮುಟ್ಟಬೇಡ ಅನ್ನುತ್ತಾನೆ ಎಂದುಕೊಂಡೆ. ನಾಳೆ ಬರುತ್ತೇನೆಂದು ಕೈಸನ್ನೆ ಮಾಡಿ ಎದ್ದೆ.

ಗುರುವಾರ ಮತ್ತೆ ಅದೇ ಕಥೆ. ಪಟ್ಟಿ ಸರಿಯಿಲ್ಲ ಎಂದು ಅಗಲ ಮಾಡಿಸಿದೆ. ಅದು ಜಾರಿ ತೊಡೆಸಂದಿಗೆ ಹೋಗಿ ಉಜ್ಜಿ ಕೆಂಪಗಾಯಿತು. ಎಡಚಪ್ಪೆಯ ಮೇಲೆ ಎರಡಾಣೆಯಷ್ಟು ಅಗಲ ಹುಣ್ಣು ಬೇರೆ ಎದ್ದಿತು. ನಾಯಿ ಊಟ ಬಿಟ್ಟಿತು. ಅದು ಬಿಟ್ಟದ್ದಕ್ಕೆ ಅವನೂ ಬಿಟ್ಟ. ಹೆಂಡತಿ ಹಾಲಿನಲ್ಲಿ ರೊಟ್ಟಿ ಮುರಿದು ಇಬ್ಬರ ಮುಂದೆಯೂ ಇಟ್ಟು ಕೂತಿದ್ದಳು. ಅಣ್ಣ ಬಂದು ಹುಣ್ಣು ನೋಡಿದರು. ಈ ಸಲ ನಗಲಿಲ್ಲ.

"ಡಾಕ್ಟರ್ರ, ಹೆಣಕ್ಕ ಶೃಂಗಾರ ಮಾಡಾಕತ್ತೀರಿ. ಸಾಕ್ರಿ. ನಿಮ್ಮ ಕಾಲಿಗೆ ಬೀಳ್ತೇನಿ."

ಅವರ ಕಣ್ಣಲ್ಲಿ ನೀರಿತ್ತು. ನಾನು ಅಲ್ಲಿಯತನಕ ಅವರನ್ನು ಕಲ್ಲುಮನಸ್ಸಿನವರೆಂದು ತಿಳಿದಿದ್ದೆ. ನಾಯಿಯ ಜೊತೆ ತಮ್ಮನೂ ಕಣ್ಣೆದುರೇ ಸೊರಗುವುದನ್ನು ನೋಡಲಾರದೆ ಅವರು ಸೂಜಿ ಹಾಕಿಬಿಡಿ ಎನ್ನುತ್ತಿದ್ದರು. ಅಂದು ನನಗೂ ಧೈರ್ಯ ಉಡುಗಿತು. ನಾನು ಮಾಡುತ್ತಿರುವುದು ಸೇವೆಯೋ, ಸತಾಯಿಸುವುದೋ? ಹುನಗುಂದಕ್ಕೆ ಚೀಟಿ ಕಳಿಸಿ ಡಾಕ್ಟರನ್ನು ಬೇಗ ಕರೆಸಿದರೆ ಪಾಪ ಕಳೆಯಿತು ಎನ್ನಿಸಿಬಿಟ್ಟಿತು.

ಶುಕ್ರವಾರ ಅದನ್ನೇ ಹೇಳಬೇಕೆಂದು ಹೋದೆ. ಆದರೂ ಕೈ ಸುಮ್ಮನಿರಬೇಕಲ್ಲ! ಕೊನೆಯದೊಂದು ಸಲ ಎಂದು ನಾಯಿಯ ಹಿಂದೆ ಮೊಣಕಾಲೂರಿದೆ. ನೇಕಾರ ಮತ್ತೆ ನನ್ನ ಕೈ ಕಿತ್ತ. ಈ ಸಲ ಬಿಡಲಿಲ್ಲ. ರಟ್ಟೆ ಹಿಡಿದು ಎಳೆದೊಯ್ದು ಗೋಡೆಗೆ ಕೂರಿಸಿದ, ಮಾಸ್ತರರು ಹುಡುಗನನ್ನು ಕೂರಿಸುವ ಹಾಗೆ. ಆಮೇಲೆ ಕಂಬಳಿಯ ಮೇಲೆ ನಾಯಿಯ ಎದುರಿಗೆ ತಾನೂ ನಾಯಿಯ ಹಾಗೆ ಮಲಗಿದ.

"ಅಯ್ಯ ಶಿವನ, ಇದೇನ ನಡೆಸ್ಯಾರ!" ಎಂದು ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು.

ಅವನು ನಗಲಿಲ್ಲ. ಮೊದಲು ತಲೆ ಎತ್ತಿದ. ಕಿವಿ ಬಡಿಯುವ ನಾಯಿಯ ಹಾಗೆ ಕತ್ತು ಕೊಡವಿದ. ಬಲಗೈ ಮುಂದೆ ಚಾಚಿ ಊರಿದ. ಎಡಗೈ ಊರಿದ. ಎದೆ ಮೇಲೆತ್ತಿ ಒಂದು ಗಳಿಗೆ ಕುಳಿತ. ಆಮೇಲೆ, ಕೊಟ್ಟಕೊನೆಗೆ, ಸೊಂಟ ಎತ್ತಿ ನಾಲ್ಕೂ ಕಾಲ ಮೇಲೆ ನಿಂತ. ನಿಂತವನು ಮೈ ಕೊಡವಿ ಆಕಳಿಸಿದ. ಹೆಂಡತಿಯ ನಗು ನಿಂತುಹೋಯಿತು. "ಮೋತಿನ... ಥೇಟ್ ಮೋತಿನ," ಎಂದಳು.

ಮತ್ತೆ ಮಲಗಿದ. ಈಗ ಎರಡನೆಯ ಆಟ. ತಲೆ ಎತ್ತಿದ, ಬಲಗೈ ಊರಿದ, ಎಡಗೈ ಊರಹೋದ. ನೆಲಕ್ಕೆ ತಾಗಿದ್ದೇ ತಡ ಮುಖ ಹಿಂಡಿ ಕೈ ಎತ್ತಿಬಿಟ್ಟ. ಇನ್ನೊಮ್ಮೆ ಊರಹೋದ, ಎತ್ತಿದ. ಎಡಗೈಯನ್ನು ಎದೆಯಡಿ ಮಡಚಿಕೊಂಡು ಹಾಗೇ ಕುಸಿದು ನನ್ನನ್ನೇ ನೋಡಿದ.

ಇಪ್ಪತ್ತು ವರ್ಷ ದನಗಳ ಜೊತೆ ಬಾಳಿದವನು ನಾನು, ಒಂದು ಪ್ರಾಣಿಯನ್ನು ಹೀಗೆ ಮೈಯೊಳಗೆ ಇಟ್ಟುಕೊಂಡ ಮನುಷ್ಯನನ್ನು ಕಂಡಿರಲಿಲ್ಲ. ನಾನು ಚಿವುಟಿ, ಒತ್ತಿ, ಎಳೆದು ತಿಳಿಯದ್ದನ್ನು ಅವನು ಬರೀ ನೋಡಿ ತಿಳಿದಿದ್ದ. ಮೂರು ದಿನದಿಂದ ಅದನ್ನೇ ಹೇಳುತ್ತಿದ್ದ. ಕಿವಿಯಿದ್ದ ನನಗೆ ಕೇಳಿಸಿರಲಿಲ್ಲ.

ದನ ಏಳುವುದು ಹಿಂದಿನಿಂದ. ನಾಯಿ ಏಳುವುದು ಮುಂದಿನಿಂದ! ಊರ ತುಂಬ ನಾಯಿಗಳಿವೆ. ದಿನಾ ಬೆಳಿಗ್ಗೆ ದವಾಖಾನೆಯ ಕಟ್ಟೆಯ ಮೇಲೆ ಮಲಗಿದ ನಾಯಿಯನ್ನು ಹಚಾ ಎಂದು ಎಬ್ಬಿಸುವವನೇ ನಾನು. ಒಂದು ದಿನವಾದರೂ ಅದು ಹೇಗೆ ಏಳುತ್ತದೆ ಎಂದು ನೋಡಿದ್ದೆನೇ? ಎತ್ತನ್ನು ಎಬ್ಬಿಸಿದ ಕೈಯ ಸೊಕ್ಕು ಕಣ್ಣನ್ನು ಮುಚ್ಚಿತ್ತು. ನಾಚಿಕೆಯಾಯಿತು ಎಂದರೆ ಕಡಿಮೆಯೇ.

ಅವನು ನಾಯಿಯ ತಲೆ ಹಿಡಿದುಕೊಂಡ. ನಾನು ಎದೆಯಡಿ ಮಡಚಿಟ್ಟ ಎಡ ಮುಂಗಾಲನ್ನು ಮೆಲ್ಲಗೆ ಬಿಡಿಸಿದೆ. ಐದು ದಿನದಲ್ಲಿ ಮೊದಲ ಸಲ! ಮಡಚಿಕೊಳ್ಳುವುದನ್ನು ದಿನಾ ನೋಡಿದ್ದೆ. ಮುದಿನಾಯಿಯ ಚಟ ಎಂದು ಬಿಟ್ಟಿದ್ದೆ. ಕಾಲಿನ ಒಳಬದಿಗೆ, ನೆಲಕ್ಕೆ ತಾಗದಂತೆ ಮೇಲೆ ಇರುತ್ತದಲ್ಲ ಒಂಟಿ ಉಗುರು, ಅದು ಕೂದಲ ಮರೆಯಲ್ಲಿ ಉಂಗುರದಂತೆ ಬೆಳೆದು ಸುತ್ತಿ ಮಾಂಸದೊಳಗೆ ಹೊಕ್ಕಿತ್ತು. ಸುತ್ತ ಬಾತು ಕೀವಾಗಿತ್ತು. ಓಡಾಡುವ ನಾಯಿಗೆ ಅದು ಅಲ್ಲಲ್ಲಿ ಸಿಕ್ಕಿ ಸವೆಯುತ್ತದೆ. ಇದು ವರ್ಷದಿಂದ ಮನೆ ಬಿಟ್ಟು ಹೋಗಿರಲಿಲ್ಲ. ಸೊಂಟ ಸೋತ ನಾಯಿ ಮುಂಗಾಲ ಬಲದಿಂದ ಏಳುತ್ತಿತ್ತು. ಮುಂಗಾಲೂ ಕೈಕೊಟ್ಟಿತು, ಮೇಲೆ ಜಾರುವ ಕಲ್ಲು. ಬಿತ್ತು. ಅಂಥದರಲ್ಲಿ ನಾನು ಹಿಂದನ್ನು ಎತ್ತಿ ಅದರ ಭಾರವನ್ನೆಲ್ಲ ಆ ಹುಣ್ಣಿನ ಕಾಲ ಮೇಲೆ ಹಾಕುತ್ತಿದ್ದೆ. ಅದು ನನ್ನನ್ನು ಅಷ್ಟಕ್ಕೇ ಕಚ್ಚಿ ಬಿಟ್ಟದ್ದೇ ಕಡಿಮೆ.

ದವಾಖಾನೆಗೆ ಓಡಿ ಆಡಿನ ಗೊರಸಿನ ಸಣ್ಣ ಕತ್ತರಿ ತಂದೆ. ಉಗುರನ್ನು ಬುಡದಲ್ಲಿ ಕತ್ತರಿಸಲು ಹೋದರೆ ರಕ್ತ ಚಿಮ್ಮುತ್ತದೆ, ಅಲ್ಲಿ ನರ ಇರುತ್ತದೆ. ನಡುವೆ ಕತ್ತರಿಸಿ, ಮಾಂಸದೊಳಗಿನ ತುದಿಯನ್ನು ಚಿಮಟಿಗೆಯಿಂದ ಹಿಡಿದು, ಹೊಕ್ಕ ದಾರಿಯಲ್ಲೇ ಹಿಂದಕ್ಕೆ ಎಳೆಯಬೇಕು. ಎಳೆದೆ. ಕೀವು ಬಳಬಳ ಬಂತು. ಕೆಂಪು ಔಷಧದ ನೀರಿನಿಂದ ತೊಳೆದು, ಟಿಂಕ್ಚರ್ ಹಚ್ಚಿ, ಮೆತ್ತಗೆ ಪಟ್ಟಿ ಕಟ್ಟಿದೆ. ನೇಕಾರ ಅಷ್ಟು ಹೊತ್ತೂ ತನ್ನ ಗಂಟಲನ್ನು ನಾಯಿಯ ಹಣೆಗೆ ಒತ್ತಿ ಏನೋ ಗುನುಗುತ್ತಿದ್ದ. ಅವನಿಗೆ ಕೇಳದ ದನಿ ಅದು. ನಾಯಿ ಉಸಿರೆತ್ತಲಿಲ್ಲ, ಅಲುಗಲಿಲ್ಲ. ಆ ಉಗುರಿನ ತುದಿಯನ್ನು ಅಂಗೈಯಲ್ಲಿಟ್ಟು ತೋರಿಸಿದಾಗ ಅವನು ಅದನ್ನು ತೆಗೆದುಕೊಂಡು ಕಿಟಕಿಯಾಚೆ ಒಗೆದ. ಒಗೆದು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟ. ಪ್ರೀತಿಯದೇ, ಆದರೆ ನೇಕಾರನ ಕೈ, ಉಸಿರು ಕಟ್ಟಿತು.

ಶನಿವಾರ ಎಬ್ಬಿಸಲು ಹೋಗಲಿಲ್ಲ. ಬಾವು ಇಳಿಯಲಿ ಎಂದು ತೊಳೆದು ಪಟ್ಟಿ ಬದಲಿಸಿದೆ. ಅಂದು ಇಬ್ಬರೂ ಉಂಡರು.

ರವಿವಾರ ದವಾಖಾನೆಗೆ ರಜೆ. ಬೆಳಗಿನಿಂದ ಅಲ್ಲೇ ಕೂತೆ. ಈ ಸಲ ನಾನು ಹಿಂದೆ, ಅವನು ಮುಂದೆ. ಯಾವಾಗ ಎತ್ತಬೇಕೆಂದು ಅವನೇ ಹೇಳಬೇಕು. ಅವನು ನಾಯಿಯ ಎದೆಯಡಿ ಅಂಗೈ ಕೊಟ್ಟು ಕಾಯ್ದ. ಎಷ್ಟು ಹೊತ್ತು! ನನಗೆ ಕೈ ತುರಿಸುತ್ತಿತ್ತು. ನಾಯಿ ತಾನಾಗಿ ಬಲಗಾಲು ಊರಿತು, ಎಡಗಾಲು ಊರಿ ಅನುಮಾನದಿಂದ ಎತ್ತಿ ಮತ್ತೆ ಊರಿತು. ಎದೆ ಮೇಲೆದ್ದಿತು. ಆಗ ಅವನು ನನ್ನತ್ತ ಗದ್ದ ಎತ್ತಿದ. ನಾನು ಕೌದಿಯ ಪಟ್ಟಿಯನ್ನು ಮೇಲೆಳೆದೆ. ಮೋತಿ ನಿಂತಿತು. ನಾಲ್ಕೂ ಕಾಲು ನಡುಗುತ್ತಿದ್ದವು, ಪಟ್ಟಿಯಲ್ಲಿ ಅರ್ಧ ಭಾರ ನನ್ನ ಕೈಗಿತ್ತು, ಆದರೂ ನಿಂತಿತ್ತು. ಹೆಂಡತಿ ಯವ್ವಾ ಎಂದು ಅಳತೊಡಗಿದಳು. ಅಂದು ಒಂಬತ್ತು ಸಲ ಎಬ್ಬಿಸಿದೆವು. ಕೊನೆಕೊನೆಗೆ ಪಟ್ಟಿ ಹಗುರವಾಗುತ್ತ ಬಂತು. ಆದರೆ ಪಟ್ಟಿ ಬಿಟ್ಟು ಒಮ್ಮೆಯೂ ಏಳಲಿಲ್ಲ. ಡಾಕ್ಟರು ಹೇಳಿದ್ದು ತಾನ ತಾನಾಗಿ.

ಸೋಮವಾರ ಬೆಳಿಗ್ಗೆ ಎಂಟಕ್ಕೇ ಹೋದೆ. ಡಾಕ್ಟರ ಬಸ್ಸು ಬರುವುದು ಹತ್ತಕ್ಕೆ. ಒಳಗೆ ಕಾಲಿಟ್ಟು ಬೆರಗಾದೆ. ನೇಕಾರ ಮಗ್ಗದಲ್ಲಿ ಇಳಿದು ಕೂತಿದ್ದ. ಹೊದಿಕೆ ತೆಗೆದಿತ್ತು. ಬಾಗಿಲಿಗೆ ಬೆನ್ನು ಮಾಡಿ ನೇಯುತ್ತಿದ್ದ. ಅವನ ಭುಜ ಕಲ್ಲಿನಂತೆ ಬಿಗಿದಿತ್ತು, ಎರಡು ಎಳೆಗೊಮ್ಮೆ ತಿರುಗಿ ನೋಡುತ್ತಿದ್ದ.

"ನಾ ಬ್ಯಾಡಂದೆ, ಕೇಳಲಿಲ್ರಿ," ಎಂದಳು ಹೆಂಡತಿ. "ತಾವು ಕೂತ್ರನ ಅದು ಏಳತೈತಿ ಅಂತ ಸನ್ನಿ ಮಾಡಿದ್ರು."

ಮೋತಿ ಕಂಬಳಿಯ ಮೇಲೆ ತಲೆ ಚೆಲ್ಲಿ ಮಲಗಿತ್ತು. ನಾನು ಬಂದದ್ದಕ್ಕೆ ಬಾಲದ ತುದಿ ಅಲ್ಲಾಡಿಸಿತು, ಏಳಲಿಲ್ಲ. ನಾನು ಮನೆಯವನೇ ಆಗಿಬಿಟ್ಟಿದ್ದೆನೋ ಏನೋ. ಕೌದಿಯ ಪಟ್ಟಿ ಹಾಕಲು ಹೋದೆ. ಹೆಂಡತಿ ತಡೆದಳು. ಮೂವರೂ ಕಾಯ್ದೆವು, ನಾನು, ಅವಳು, ಬೆನ್ನು ತಿರುಗಿಸಿ ಕೂತ ಅವನು. ಒಂಬತ್ತು ದಾಟಿತು.

ಹೊರಗೆ ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದಾಯಿತು. ಅಣ್ಣ. ಡಾಕ್ಟರನ್ನು ಕರೆದುಕೊಂಡು ಬರಲು ಹೊರಟವರು, ತಮ್ಮನಿಗೆ ಒಂದು ಮಾತು ತಿಳಿಸಿ ಹೋಗೋಣವೆಂದು ಬಂದಿದ್ದರು. ಬಾಗಿಲಲ್ಲಿ ಒಂದು ಕಾಲಿನ ಚಪ್ಪಲಿ ಬಿಚ್ಚಿದರು.

ಮೋತಿಯ ಕಿವಿ ಎದ್ದಿತು. ತಲೆ ಎದ್ದಿತು. ಬಲ ಮುಂಗಾಲು ಊರಿತು. ಎಡ ಮುಂಗಾಲು ಊರಿತು, ಎತ್ತಲಿಲ್ಲ. ಎದೆ ಎತ್ತಿ ಒಂದು ಗಳಿಗೆ ಕೂತು ಉಸಿರು ತೆಗೆದುಕೊಂಡಿತು. ಯಾರೂ ಮುಟ್ಟಲಿಲ್ಲ. ನಾನು ನನ್ನ ಕೈಯನ್ನು ನಾನೇ ಹಿಡಿದುಕೊಂಡಿದ್ದೆ. ಆಮೇಲೆ ಆ ಒಣಗಿದ ಸೊಂಟ ಒಂದು ಕಡೆ ವಾಲುತ್ತ, ನಡುಗುತ್ತ, ಮೇಲೆದ್ದಿತು. ನಾಲ್ಕು ಹೆಜ್ಜೆ, ಐದು ಹೆಜ್ಜೆ. ಮಗ್ಗದ ಕುಣಿಯ ಅಂಚಿಗೆ ಹೋಗಿ ಅವನ ಹೆಗಲ ಮೇಲೆ ಗದ್ದ ಇಟ್ಟಿತು.

ಅವನು ಬೆಚ್ಚಲಿಲ್ಲ. ಲಾಳಿ ಕೆಳಗಿಟ್ಟು, ಬಿಗಿದ ಭುಜ ಇಳಿಬಿಟ್ಟು, ತಿರುಗಿ ಬಾಗಿಲ ಕಡೆ ನೋಡಿ ಅಣ್ಣನಿಗೆ ಬಾ ಎಂದು ಕೈ ಮಾಡಿದ.

ಅಣ್ಣ ಒಂದು ಕಾಲಲ್ಲಿ ಚಪ್ಪಲಿ, ಒಂದು ಬರಿಗಾಲು, ಹೊಸಲ ಮೇಲೆ ನಿಂತೇ ಇದ್ದರು.

"ನಾ ಬಂದೇನಿ ಅಂತ ಹೇಳಾಕ ಎದ್ದೈತ್ರಿ ಅದು... ನಾ ಯಾತಕ್ಕ ಬಂದೇನಿ ಅಂತ ಅದಕ್ಕೇನ ಗೊತ್ತು!"

ಅಷ್ಟರಲ್ಲಿ ನಾಯಿಯ ಹಿಂಗಾಲು ಕುಸಿಯತೊಡಗಿತು. ನಾನು ಏಳುವ ಮೊದಲೇ ಅವರು ಚಪ್ಪಲಿಗಾಲಲ್ಲೇ ಒಳಗೆ ಓಡಿ ಬಂದು ನಾಯಿಯ ಪಕ್ಕ ಮೊಣಕಾಲೂರಿದರು. ಎರಡೂ ಕೈ ಗಾಳಿಯಲ್ಲಿ, ಮುಟ್ಟಲು ಹೆದರಿಕೆ.

"ಎಲ್ಲೆ ಹಿಡೀಬೇಕ್ರಿ? ಜಲ್ದಿ ಹೇಳ್ರಿ, ಎಲ್ಲೆ ಹಿಡೀಬೇಕು?"

ಅವರ ತಮ್ಮ ಆ ಕೈಗಳನ್ನು ಹಿಡಿದು ಇಡಬೇಕಾದಲ್ಲಿ ಇಟ್ಟ. ನಾಯಿ ಅವರ ಕೈಯ ಮೇಲೆ ಭಾರ ಬಿಟ್ಟು ಮೆಲ್ಲಗೆ ಕೂತಿತು. ಅವರು ತಲೆ ಎತ್ತದೆ ನನಗೆ ಹೇಳಿದರು: "ನೀವು ದವಾಖಾನಿಗೆ ಹೋಗ್ರಿ, ಬಸ್ ಬರೂ ಹೊತ್ತಾತು. ಡಾಕ್ಟರಿಗೆ ಬ್ಯಾಡಂತ ಹೇಳ್ರಿ. ಮಧ್ಯಾಹ್ನ ಎಬ್ಬಸೂದು ನಾ ನೋಡ್ಕೊಂತೇನಿ."